ನೆಟ್ಟಿನ ಕಚೇರಿ, ದೊಡ್ಡಪ್ಪನ ಸಿಡಿ ಪ್ಲೇಯರ್

ಎಲ್ಲರಿಗೂ ನಮಸ್ಕಾರ. ಈ ಕಾಲದಲ್ಲಿ ಸಿಡಿ ಬರೆಯುವುದರ ಬಗ್ಗೆ ಯಾರಾದರೂ ಮಾತಾಡುತ್ತಾರಾ ಅಂತ ನಿಮಗೆ ನಗು ಬಂದಿರಬಹುದು. ನನಗೂ ಬರುತ್ತಿತ್ತು, ನಮ್ಮ ದೊಡ್ಡಪ್ಪ ಫೋನ್ ಮಾಡುವವರೆಗೆ. ಅವರಿಗೆ ಎಂಬತ್ತು ದಾಟಿದೆ. ಮೊಬೈಲ್ ಮುಟ್ಟಿದರೆ ಏನೋ ಹಾಳಾಗಿಹೋಗುತ್ತದೆ ಅನ್ನುವ ಭಯ, ಆದರೆ ಸಿಡಿ ಪ್ಲೇಯರ್‌ನ ಗುಂಡಿಯನ್ನು ಕತ್ತಲಲ್ಲೂ ಸರಿಯಾಗಿ ಒತ್ತುತ್ತಾರೆ. "ಆಕಾಶವಾಣಿ ರಾಗಂನಲ್ಲಿ ಬರೋ ಕಚೇರಿನ ಒಂದು ಸಿಡಿ ಮಾಡಿಕೊಡೋ ಮಾರಾಯ" ಅಂದರು. ರಾಗಂ ಅಂದರೆ 2016ರಲ್ಲಿ ಬೆಂಗಳೂರಿನಿಂದ ಶುರುವಾದ, ದಿನವಿಡೀ ಶಾಸ್ತ್ರೀಯ ಸಂಗೀತ ಕೇಳಿಸುವ ಚಾನೆಲ್. ಅದೇನು ಮಹಾ, ಅರ್ಧ ಗಂಟೆ ಕೆಲಸ ಅಂದುಕೊಂಡೆ.

ಮೂರು ಡಿಸ್ಕ್ ಹಾಳಾದವು.

ಮೊದಲನೇ ಸಲ ಲ್ಯಾಪ್‌ಟಾಪ್‌ನಲ್ಲಿ ಚಾನೆಲ್ ಹಾಕಿ, ಆಡಾಸಿಟಿ ಅನ್ನುವ, ಸದ್ದು ಹಿಡಿದು ಕತ್ತರಿಸುವ ಸಾಫ್ಟ್‌ವೇರ್‌ನಲ್ಲಿ ಸ್ಪೀಕರ್‌ಗೆ ಹೋಗುವ ಸದ್ದನ್ನೇ ಹಿಡಿದುಕೊಂಡೆ. ಕೇಳಿ ನೋಡಿದರೆ ತೋಡಿಯ ಆಲಾಪನೆ ಮೇಲೇರುತ್ತಿರುವಾಗ ಸರಿಯಾಗಿ "ಟಿಣ್" ಅಂತ ವಾಟ್ಸ್‌ಆ್ಯಪ್ ಮೆಸೇಜ್! ಸ್ಪೀಕರ್‌ಗೆ ಹೋಗುವುದೆಲ್ಲ ರೆಕಾರ್ಡ್ ಆಗುತ್ತದೆ, ಹಾಡು ಯಾವುದು ಮೆಸೇಜ್ ಯಾವುದು ಅಂತ ಅದಕ್ಕೇನು ಗೊತ್ತು? ಈ ದಾರಿ ಹಿಡಿದರೆ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ ಕೂರಬೇಕು.

ಇದಕ್ಕಿಂತ ಒಳ್ಳೆಯ ದಾರಿ, ಸ್ಟ್ರೀಮ್ ಅನ್ನು, ಅಂದರೆ ನೆಟ್ಟಿನಲ್ಲಿ ಹರಿದು ಬರುವ ಸದ್ದನ್ನು, ಬಂದ ಹಾಗೇ ಫೈಲಿಗೆ ಇಳಿಸಿಕೊಳ್ಳುವುದು. ಹಳೆಯ ಇಂಟರ್ನೆಟ್ ರೇಡಿಯೊಗಳು ಪಿಎಲ್‌ಎಸ್ ಅಂತ ಒಂದು ಪುಟಾಣಿ ಫೈಲ್ ಕೊಡುತ್ತವೆ, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗೆ ಹಾಡೇ ಇಲ್ಲ, ಸುಮ್ನೆ ಒಂದು ವಿಳಾಸ ಇರುತ್ತದೆ. ಆ ವಿಳಾಸವನ್ನು ವಿಎಲ್‌ಸಿ ಅನ್ನುವ ಪ್ಲೇಯರ್ ಸಾಫ್ಟ್‌ವೇರ್‌ಗೆ ಕೊಟ್ಟು, ಮೂಲವನ್ನು ಹಾಗೆಯೇ ಉಳಿಸು ಅಂದರೆ ಸಾಕು. ಈಗಿನ ಎಷ್ಟೋ ಚಾನೆಲ್‌ಗಳು ಹಾಡನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತವೆ. ಅವನ್ನು ಸಾಲಾಗಿ ಅಂಟಿಸಿಕೊಡುವುದಕ್ಕೆ ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್ ಇದೆ.

ಎರಡನೇ ಡಿಸ್ಕ್‌ನಲ್ಲಿ ಟಿಣ್ ಇರಲಿಲ್ಲ. ದೊಡ್ಡಪ್ಪನ ಪ್ಲೇಯರ್‌ಗೆ ಹಾಕಿದರೆ ಅದು ಗರಗರ ತಿರುಗಿ, ಯೋಚನೆ ಮಾಡಿ, "ನೋ ಡಿಸ್ಕ್" ಅಂತ ತೋರಿಸಿತು. ನಾನು ಎಂಪಿ3 (ಕುಗ್ಗಿಸಿದ ಸದ್ದಿನ) ಫೈಲುಗಳನ್ನು ಡೇಟಾ ಸಿಡಿ ಮಾಡಿ ಬರೆದಿದ್ದೆ. ಆ ಹಳೆಯ ಪ್ಲೇಯರ್‌ಗೆ ಫೈಲು, ಫೋಲ್ಡರು ಅಂದರೆ ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಸೇರಿ ಮಾಡಿದ ಒಂದೇ ಲೆಕ್ಕ: ಸೆಕೆಂಡಿಗೆ 44,100 ಸ್ಯಾಂಪಲ್ (ಅಂದರೆ ಸದ್ದಿನ ಅಳತೆ), ಒಂದೊಂದಕ್ಕೂ 16 ಬಿಟ್, ಎಡ ಸ್ಪೀಕರ್‌ಗೊಂದು ಬಲಕ್ಕೊಂದು. ಬರೆಯುವ ಸಾಫ್ಟ್‌ವೇರ್‌ನಲ್ಲಿ "ಆಡಿಯೊ ಸಿಡಿ" ಅಂತಲೇ ಆರಿಸಬೇಕು.

ಡಿಸ್ಕ್ ಮೇಲೆ 700 ಎಂಬಿ ಅಂತ ಬರೆದಿರುತ್ತದೆ ಅಲ್ವಾ, ಒಂದು ಗಂಟೆಯ ಎಂಪಿ3 57 ಎಂಬಿ, ಹಾಗಾದರೆ ಹನ್ನೆರಡು ಗಂಟೆ ಹಿಡಿಸುತ್ತದೆ ಅಂತ ಲೆಕ್ಕ ಹಾಕುವವರು ಬಹಳ ಜನ. ಆಡಿಯೊ ಸಿಡಿಯಲ್ಲಿ ಹಿಡಿಸುವುದು 80 ನಿಮಿಷ, ಅಷ್ಟೇ. ಯಾಕೆಂದರೆ ಸ್ಟ್ರೀಮ್ ಸೆಕೆಂಡಿಗೆ 128 ಕಿಲೊಬಿಟ್‌ನಲ್ಲಿ ಬಂದಿದ್ದರೂ ಸಿಡಿಗೆ ಹೋಗುವಾಗ 1,411 ಕಿಲೊಬಿಟ್ ಆಗಿ ಉಬ್ಬುತ್ತದೆ. ಹನ್ನೊಂದು ಪಟ್ಟು ದೊಡ್ಡದಾಯಿತಲ್ಲ, ಸದ್ದೂ ಚೆನ್ನಾಗಾಗುತ್ತದಾ ಅಂತ ಕೇಳುತ್ತಾರೆ. ಅರ್ಧ ಲೀಟರ್ ಹಾಲನ್ನು ಐದು ಲೀಟರ್ ಕ್ಯಾನಿಗೆ ಸುರಿದರೆ ಹಾಲು ಜಾಸ್ತಿ ಆಗುತ್ತಾ? ಚಾನೆಲ್‌ನವರು ಕುಗ್ಗಿಸುವಾಗ ಬಿಟ್ಟಿದ್ದು ಬಿಟ್ಟ ಹಾಗೇ. ನಮ್ಮ ಕೈಯಲ್ಲಿರುವುದು ಇನ್ನಷ್ಟು ಹಾಳು ಮಾಡದೇ ಇರುವುದು ಮಾತ್ರ. ಅಂದರೆ ಇಳಿಸಿಕೊಂಡಿದ್ದನ್ನು ಮತ್ತೆ ಎಂಪಿ3 ಮಾಡಬೇಡಿ, ನೇರ ವೇವ್ (ಕುಗ್ಗಿಸದ ಫೈಲ್) ಮಾಡಿ, ಕತ್ತರಿಸುವುದೇನಿದ್ದರೂ ಅದರಲ್ಲಿ ಕತ್ತರಿಸಿ.

ಇನ್ನೊಂದು, ಸ್ಟ್ರೀಮ್ ಎಷ್ಟೋ ಸಲ 48,000 ಸ್ಯಾಂಪಲ್‌ನಲ್ಲಿ ಬರುತ್ತದೆ. ಅದನ್ನು 44,100ಕ್ಕೆ ಬದಲಾಯಿಸಬೇಕು. ಬದಲಾಯಿಸದೆ 44,100 ಅಂತ ಸುಳ್ಳು ಹೇಳಿ ಓಡಿಸಿದರೆ ಒಂದು ಗಂಟೆಯ ಕಚೇರಿ 65 ನಿಮಿಷ ಎಳೆಯುತ್ತದೆ, ಶ್ರುತಿಯೂ ಇಳಿಯುತ್ತದೆ. ದೊಡ್ಡಪ್ಪನಂಥವರು ಮೊದಲ ಸಾಲಿಗೇ ಹಿಡಿದುಬಿಡುತ್ತಾರೆ.

ಮೂರನೇ ಡಿಸ್ಕ್ ಹಾಡಿತು. ಆದರೆ ಆಲಾಪನೆ ಮುಗಿದು ಕೃತಿ ಶುರುವಾಗುವ ಕಡೆ ಎರಡು ಸೆಕೆಂಡ್ ಮೌನ, ಜೊತೆಗೆ "ಟಕ್" ಅಂತ ಸದ್ದು. ಮೌನಕ್ಕೆ ಕಾರಣ, ಟ್ರ್ಯಾಕ್ ಒಂದೊಂದೇ ಬರೆಯುವ ವಿಧಾನ. ಇಡೀ ಡಿಸ್ಕನ್ನು ಒಂದೇ ಓಟದಲ್ಲಿ ಬರೆಸಿ, ನಡುವಿನ ಅಂತರ ಸೊನ್ನೆ ಮಾಡಿದರೆ ಹೋಗುತ್ತದೆ. ಟಕ್ ಕಥೆ ಸ್ವಲ್ಪ ಮಜಾ ಇದೆ. ಸಿಡಿ ಒಂದು ಸೆಕೆಂಡನ್ನು 75 ತುಂಡು (ಫ್ರೇಮ್) ಮಾಡಿಕೊಂಡಿರುತ್ತದೆ, ಒಂದೊಂದು ತುಂಡಿಗೆ 588 ಸ್ಯಾಂಪಲ್. ನಾವು ಎಲ್ಲೋ ಮಧ್ಯದಲ್ಲಿ ಕತ್ತರಿಸಿದರೆ ಕೊನೆಯ ತುಂಡು ಪೂರ್ತಿ ತುಂಬುವುದಿಲ್ಲ, ಉಳಿದ ಜಾಗಕ್ಕೆ ಸಾಫ್ಟ್‌ವೇರ್ ಮೌನ ತುಂಬುತ್ತದೆ, ಆ ಚೂರು ಮೌನವೇ ಟಕ್ ಅಂತ ಕೇಳಿಸುವುದು. ಆಡಾಸಿಟಿಯಲ್ಲಿ ಸಮಯ ತೋರಿಸುವ ಜಾಗದಲ್ಲಿ ಸಿಡಿ ಫ್ರೇಮ್ ಲೆಕ್ಕ ಆರಿಸಿಕೊಂಡು, ಅದರ ಗೆರೆಗೇ ಕತ್ತರಿಸಿದರೆ ಸರಿಹೋಗುತ್ತದೆ.

ಕಾನೂನಿನ ವಿಷಯ ಕೇಳುತ್ತೀರಿ ಅಂತ ಗೊತ್ತು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಬಳಕೆಗೆ ನ್ಯಾಯವಾದ ಮಟ್ಟಿಗೆ ಜಾಗ ಕೊಡುತ್ತದೆ. ಆದರೆ ಬೀಗ ಹಾಕಿದ ಆ್ಯಪ್‌ನ ಬೀಗ ಒಡೆಯುವುದು, ಹತ್ತು ಸಿಡಿ ಮಾಡಿ ಮಾರುವುದು ಬೇರೆ ಮಾತು. ಅದಕ್ಕೆ ನನ್ನ ಹತ್ತಿರ ಬರಬೇಡಿ.

ಸರಿ, ಈಗ ಮಾಡಿಯೇ ತೋರಿಸುತ್ತೇನೆ. ಡ್ರೈವ್‌ಗೆ ಖಾಲಿ ಡಿಸ್ಕ್ ಹಾಕಿದ್ದೇನೆ, ವೇಗ 8 ಎಕ್ಸ್, ಅಂದರೆ ಹಾಡುವ ವೇಗದ ಎಂಟು ಪಟ್ಟು. 80 ನಿಮಿಷದ ಡಿಸ್ಕ್ ಬರೆಯಲು ಸುಮಾರು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಟೀ ಕುಡಿದು ಬನ್ನಿ, ಲ್ಯಾಪ್‌ಟಾಪ್ ಇರುವ ಮೇಜನ್ನು ಮಾತ್ರ ಯಾರೂ ಅಲ್ಲಾಡಿಸಬೇಡಿ.