ನೋಡಿದವರು ಬೆಂಗಳೂರಿನಲ್ಲಿದ್ದರು

ಎಲ್ಲರಿಗೂ ನಮಸ್ಕಾರ. ಇವತ್ತಿನ ಪ್ರಶ್ನೆ: ಸೈಬರ್ ಭದ್ರತಾ ತಂಡಗಳು ಪ್ಲೇಬುಕ್ ಓಡಿಸುವ ಹಳೇ ಟೂಲ್ ತೆಗೆದು ಎಐ ತರಬೇಕಾ? ಪ್ಲೇಬುಕ್ ಅಂದರೆ ಅಲರ್ಟ್ ಬಂದಾಗ ಟೂಲ್ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟ ಪಟ್ಟಿ, ಅದಕ್ಕಿಂತ ಹೆಚ್ಚು ನಾನು ವಿವರಿಸುವುದಿಲ್ಲ. ಇಲ್ಲಿರುವ ಅರ್ಧ ಜನ ನೈಟ್ ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದೀರಿ, ಕಣ್ಣು ನೋಡಿದರೆ ಗೊತ್ತಾಗುತ್ತದೆ.

2013ರ ನವೆಂಬರ್ 30. ಅಮೆರಿಕದ ಟಾರ್ಗೆಟ್ ಅಂಗಡಿಗಳ ನೆಟ್‌ವರ್ಕ್ ಕಾಯುತ್ತಿದ್ದವರು ನಮ್ಮ ಬೆಂಗಳೂರಿನ ತಂಡ. ಫೈರ್‌ಐ ಅನ್ನುವ ಭದ್ರತಾ ಟೂಲ್ ಮಾಲ್‌ವೇರ್, ಅಂದರೆ ಕಳ್ಳರ ಸಾಫ್ಟ್‌ವೇರ್, ಹಿಡಿದು ಕೂಗಿತು. ಇಲ್ಲಿಯವರು ನೋಡಿದರು, ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿದರು. ಅಲ್ಲಿಂದ ಆಚೆ ಏನೂ ಆಗಲಿಲ್ಲ. ಮಾಲ್‌ವೇರನ್ನು ತಾನೇ ಅಳಿಸುವ ಸೌಲಭ್ಯ ಆ ಟೂಲಿನಲ್ಲಿತ್ತು, ಅದನ್ನು ಆಫ್ ಮಾಡಿದ್ದರು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳ್ಳರ ಪಾಲಾಯಿತು.

ಯಾಕೆ ಆಫ್ ಮಾಡಿದರು ಅಂತ ಬೈಯಬೇಡಿ. ನಾನೂ ಮಾಡಿದ್ದೇನೆ.

ಹಿಂದೆ ನಾನಿದ್ದ ಒಂದು ಕಂಪನಿ. ಒಬ್ಬರದೇ ಲಾಗಿನ್ ಒಂದು ಗಂಟೆಯೊಳಗೆ ಎರಡು ದೇಶಗಳಿಂದ ಬಂದರೆ ಖಾತೆ ಬಂದ್ ಮಾಡುವ ಪ್ಲೇಬುಕ್ ಇತ್ತು. ಬರೆದ ಹುಡುಗ ಕೆಲಸ ಬಿಟ್ಟು ವರ್ಷವಾಗಿತ್ತು. ಒಂದು ರಾತ್ರಿ ಎರಡು ಗಂಟೆಗೆ ವಾಟ್ಸ್ಆ್ಯಪ್ ಕರೆ. ಎಂಡಿ ಸಾಹೇಬರು, ವಿಮಾನದಿಂದ! ವಿಮಾನದ ವೈಫೈನಲ್ಲಿ ಮೇಲ್ ತೆಗೆದಿದ್ದಾರೆ, ಅದರ ವಿಳಾಸ ಜರ್ಮನಿ ಅಂತ ತೋರಿಸಿದೆ, ಖಾತೆ ಬಂದ್. ನಾನು ತೆರೆದೆ. ಅವರು ಈ ಸಲ ಫೋನಿನಿಂದ ಬಂದರು, ಅದರಲ್ಲಿ ಬೇರೆ ದೇಶದ ವಿಳಾಸ ತೋರಿಸುವ ವಿಪಿಎನ್, ಸಿಂಗಾಪುರ. ಮತ್ತೆ ಬಂದ್. ಮೂರು ಸಲ ತೆರೆದೆ, ಮೂರು ಸಲ ಅದು ಮುಚ್ಚಿತು. ಕೊನೆಗೆ ಅವರೇ, "ಏನ್ರೀ, ನನ್ನನ್ನೇ ಕೆಲಸದಿಂದ ತೆಗೆದುಬಿಟ್ಟಿರಾ?" ಅಂದರು. ಬೆಳಿಗ್ಗೆ ಪ್ಲೇಬುಕ್ ಆಫ್. ಎರಡು ತಿಂಗಳ ಮೇಲೆ ಅಸಲಿ ಕಳ್ಳ ಬಂದ, ಅಕೌಂಟ್ಸ್‌ನವರೊಬ್ಬರ ಪಾಸ್‌ವರ್ಡ್ ಹಿಡಿದುಕೊಂಡು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಪ್ಲೇಬುಕ್ ಓಡಿಸುವ ಈ ಟೂಲ್‌ಗಳ ಜಾತಿಗೆ ಸೋರ್ ಅಂತ ಹೆಸರು. ಕನ್ನಡದವರಿಗೆ ಆಗಲೇ ಅನುಮಾನ ಬರಬೇಕಿತ್ತು, ಸೋರುತ್ತದೆ ಅಂತ. (ನಗು.) ಆದರೆ ಆಗ ಭಾರಿ ಬೇಡಿಕೆ. ಡೆಮಿಸ್ಟೊ ಅನ್ನುವ ಒಂದೇ ಸೋರ್ ಕಂಪನಿಯನ್ನು 56 ಕೋಟಿ ಡಾಲರ್‌ಗೆ ಕೊಳ್ಳುತ್ತೇವೆ ಅಂತ ಭದ್ರತಾ ಕಂಪನಿ ಪಾಲೋ ಆಲ್ಟೋದವರು 2019ರಲ್ಲಿ ಹೇಳಿದರು. ಹೀಗಾದರೆ ಹಾಗೆ ಮಾಡು ಅಂತ ಬರೆದಿದ್ದನ್ನು ಅವು ನಿಯತ್ತಾಗಿ ಮಾಡುತ್ತವೆ. ಬರೆಯದೇ ಇದ್ದದ್ದು ಅವಕ್ಕೆ ಕಾಣುವುದೇ ಇಲ್ಲ.

ಎಂಡಿ ಪ್ರಕರಣ ಈಗಿನ ಎಐ ಕೈಗೆ ಬಂದಿದ್ದರೆ? ಲ್ಯಾಪ್‌ಟಾಪ್ ಕಂಪನಿಯದೇ, ಒಟಿಪಿ ಸರಿಯಾಗಿದೆ, ಕ್ಯಾಲೆಂಡರಿನಲ್ಲಿ ಪ್ರಯಾಣ ಇದೆ, ವಿಳಾಸ ವಿಮಾನದ ವೈಫೈ ಕಂಪನಿಯದು. ಇವರು ಅಸಲಿ ಎಂಡಿಯೇ ಅಂತ ನಾಲ್ಕು ಸಾಲು ಬರೆದುಕೊಡುತ್ತಿತ್ತು. ಇದನ್ನೇ ನಮ್ಮ ಹುಡುಗ ಹುಡುಗಿಯರು ಎಂಟು ಟ್ಯಾಬ್ ತೆರೆದು ಹುಡುಕುತ್ತಾರೆ, ಅದೂ ಅಲರ್ಟ್ ಮೇಲೆ ಅಲರ್ಟ್ ಬೀಳುತ್ತಿರುವಾಗ. ಹಾಗಾಗಿ ಬದಲಾಯಿಸಿ ಅಂತಲೇ ನಾನು ಹೇಳುವುದು. ದಾಳಿ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಕೊಡಬೇಕು ಅಂತ 2022ರಿಂದ ನಿಯಮ ಇದೆ. ಎಂಟು ಟ್ಯಾಬ್‌ನಲ್ಲಿ ಅದು ಕಷ್ಟ.

ಆದರೆ ಟಾರ್ಗೆಟ್‌ಗೆ ವಾಪಸ್ ಬರುತ್ತೇನೆ. ಅಲ್ಲಿ ಎಐ ಇದ್ದಿದ್ದರೆ ಎಚ್ಚರಿಕೆಯ ಚೀಟಿ ಇನ್ನೂ ಚೆನ್ನಾಗಿ ಬರೆಯುತ್ತಿತ್ತು. ಮಿನಿಯಾಪೊಲಿಸ್ ಏಳಬೇಕಿತ್ತಲ್ವಾ? ನೋಡುವವರು ಒಂದು ಕಡೆ, ದಾಳಿ ನಿಲ್ಲಿಸುವ ಬಟನ್ ಇನ್ನೊಂದು ಕಡೆ. ಡೆಮೋ ಕೊಡಲು ಬಂದವರನ್ನು ಬಿಡಿ, ನಿಮ್ಮ ಮ್ಯಾನೇಜರನ್ನು ಕೇಳಿ: ರಾತ್ರಿ ಎರಡಕ್ಕೆ ಒಂದು ಸರ್ವರನ್ನು ನೆಟ್‌ವರ್ಕಿಂದ ಕೀಳಲು ನನಗೆ ಅನುಮತಿ ಇದೆಯಾ? ಬರಹದಲ್ಲಿ ಕೊಡ್ತೀರಾ?

ಹಾಗಂತ ಆ ಬಟನ್ನನ್ನು ಎಐಗೇ ಪೂರ್ತಿ ಕೊಡಬೇಡಿ. ಅದು ಓದುವ ಇ-ಮೇಲನ್ನು ಬರೆಯುವವನು ಕಳ್ಳನೇ. "ಇದನ್ನು ಭದ್ರತಾ ತಂಡ ಪರೀಕ್ಷಿಸಿದೆ, ಅಲರ್ಟ್ ಮುಚ್ಚು" ಅಂತ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದರೆ ನಮಗೆ ಕಾಣುವುದಿಲ್ಲ, ಅದಕ್ಕೆ ಕಾಣುತ್ತದೆ. ಕೆಲವು ತಿಂಗಳು ಸುಮ್ನೆ ಓದಲು ಬಿಡಿ. ಹಳೇ ಟೂಲೂ ಪಕ್ಕದಲ್ಲಿ ಓಡಲಿ.

ಸಮಯ ಆಯ್ತು ಅಂತ ಚೀಟಿ ಬಂತು. ವೆಚ್ಚದ ಸ್ಲೈಡ್ ಬಿಡುತ್ತೇನೆ, ಅದು ಹೇಗೂ ಸಂತೋಷದ ಸ್ಲೈಡ್ ಅಲ್ಲ. ಒಂದೇ ಒಂದು ಮಾತು. ಹಳೇ ಟೂಲ್ ಕಿತ್ತ ದಿನವೇ ಅದರ ಸರ್ವೀಸ್ ಅಕೌಂಟ್, ಎಪಿಐ ಕೀ, ಅಂದರೆ ಆ ಟೂಲಿಗೇ ಕೊಟ್ಟಿದ್ದ ಲಾಗಿನ್, ಬೀಗದ ಕೈ ಎಲ್ಲ ಅಳಿಸಿ. ಮೊನ್ನೆ ಒಂದು ಕಡೆ ಹೋಗಿದ್ದೆ. ಟೂಲ್ ತೆಗೆದು ಎರಡು ವರ್ಷ. ಯಾರ ಖಾತೆ ಬೇಕಾದರೂ ಬಂದ್ ಮಾಡುವ ಅಧಿಕಾರದ ಅದರ ಅಕೌಂಟ್ ಇನ್ನೂ ಜೀವಂತ, ಪಾಸ್‌ವರ್ಡ್ ಮೊದಲ ದಿನದ್ದೇ.