ಗಾಡಿ ಮಿಸ್ ಹೊಡೆಯುವುದು ಯಾವಾಗ?

ಕೇಳುಗರಿಗೆಲ್ಲ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಲಾರಿ ಗ್ಯಾರೇಜ್ ನಡೆಸುವವನು. ಎಂಜಿನ್ ಸದ್ದಿನ ಪಕ್ಕದಲ್ಲಿ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿಬಿಟ್ಟಿದೆ. ಜೋರಾಯಿತು ಅನ್ನಿಸಿದರೆ ರೇಡಿಯೊ ಸ್ವಲ್ಪ ಸಣ್ಣ ಮಾಡಿಕೊಳ್ಳಿ.

ಈ ಮಾತು ಹಳೇ ಲಾರಿ ಇಟ್ಟುಕೊಂಡವರಿಗೆ. ಕಂಪ್ಯೂಟರ್ ಇಲ್ಲದ, ಪಂಪು ಒತ್ತಿದ ಡೀಸೆಲ್ಲನ್ನು ನಾಜಲ್ ಅನ್ನುವ ಸಣ್ಣ ಮೂತಿ ಸಿಲಿಂಡರಿನೊಳಗೆ ಚಿಮ್ಮಿಸುವ ಗಾಡಿ. ಭತ್ತ, ಹತ್ತಿ, ಮೆಣಸಿನಕಾಯಿ ಹೊರುವ ಗಾಡಿ. ರೋಡಿನಲ್ಲಿ ಇದ್ದಕ್ಕಿದ್ದಂತೆ ಮಿಸ್ ಹೊಡೆಯುತ್ತದೆ. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ನೆಂಟರೆದುರು ಜಾಣನಾಗುವ ತುಂಟ ಹುಡುಗನ ಹಾಗೆ ಸುಮ್ಮನಾಗುತ್ತದೆ. ಆಗ ನಾನು ಕೇಳುವುದು ಒಂದೇ ಪ್ರಶ್ನೆ. ಯಾವಾಗ? "ಒಮ್ಮೊಮ್ಮೆ, ಮೇಸ್ತ್ರಿ" ಅನ್ನುತ್ತಾರೆ. ಒಮ್ಮೊಮ್ಮೆ ಅನ್ನುವುದು ಉತ್ತರ ಅಲ್ಲ. ಯಾವಾಗ ಅಂತ ಹೇಳಿ.

ಮಿಸ್ ಅಂದರೆ ಏನು? ಆರು ಸಿಲಿಂಡರಿನ ಎಂಜಿನ್ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ, ನಿಮಿಷಕ್ಕೆ 600 ಸುತ್ತು ತಿರುಗುತ್ತದೆ ಅಂತಿಟ್ಟುಕೊಳ್ಳಿ. ಒಂದೊಂದು ಸಿಲಿಂಡರೂ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ, ನಿಮಿಷಕ್ಕೆ 300 ಸಲ. ಅದರಲ್ಲಿ ಕೆಲವು ತಪ್ಪಿದರೆ ಸಾಕು, ಕ್ಯಾಬಿನ್ ನಡುಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪ್ಲಗ್ ಬದಲಿಸಿ ನೋಡಲಾ ಅಂತ ಫೋನ್ ಮಾಡುವವರು ಇನ್ನೂ ಇದ್ದಾರೆ, ಅದಕ್ಕೇ ಹೇಳಿದೆ. ಇಲ್ಲಿ ಗಾಳಿಯನ್ನು ಒತ್ತಿದಾಗ ಅದು ಕಾಯುತ್ತದೆ, ಆ ಕಾವಿಗೆ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಮಿಸ್ ಹೊಡೆಯಿತು ಅಂದರೆ ಡೀಸೆಲ್ ಸರಿಯಾಗಿ ಬರಲಿಲ್ಲ, ಇಲ್ಲವೇ ಒತ್ತಡ ಸಾಲಲಿಲ್ಲ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಸಿಂಧನೂರಿನಿಂದ ಬೆಂಗಳೂರಿಗೆ ಅಕ್ಕಿ ಹೊಡೆಯುತ್ತಿದ್ದ ಹಳೇ ಲಾರಿ. ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಎಲ್ಲಾ ಕಡೆ ಸರಿ. ಹಿರಿಯೂರು ದಾಟಿದ ಮೇಲೆ ಮಿಸ್ಸಿಂಗ್ ಶುರು. ಡ್ರೈವರ್ ಹೇಳಿದ್ದು ಹೀಗೆ: "ಆ ಜಾಗಾನೇ ಸರಿ ಇಲ್ರೀ ಮೇಸ್ತ್ರಿ. ಅಲ್ಲಿಗೆ ಹೋದ್ರ ಸಾಕು, ಗಾಡಿ ಗುದುಮುರಿಗಿ ಹಾಕ್ತೈತಿ." ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಅಲ್ಲೊಂದು ಬೇವಿನ ಮರದ ಹತ್ತಿರ ಕಾಯಿ ಒಡೆದ. ಮಾಲಕರು ಅವನಿಗಿಂತ ದೊಡ್ಡ ಹರಕೆ ಹೊತ್ತರು. ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್ನಿಗೆ, ಅಂದರೆ ಅಳತೆ ಸರಿಮಾಡಲು, ಕಳಿಸಿದರು, ಆರೂ ನಾಜಲ್ ಹೊಸದು ಹಾಕಿಸಿದರು. ಮಿಸ್ ಹೋಗಲಿಲ್ಲ.

ಆಮೇಲೆ ನನ್ನ ಹತ್ತಿರ ಬಂದರು. ನಾನೇನು ಜಾಣನಾ? ಮೂರು ಸಲ ಟ್ರಯಲ್ ಹೋದೆ. ದಾರಿಯಲ್ಲಿ ನಿಲ್ಲಬಾರದು ಅಂತ ಮೂರು ಸಲವೂ ಟ್ಯಾಂಕ್ ಫುಲ್ ಮಾಡಿಸಿಕೊಂಡೇ ಹೊರಟೆ. ಮೂರು ಸಲವೂ ಗಾಡಿ ಹಾಲಿನ ಹಾಗೆ ಓಡಿತು.

ನಾಲ್ಕನೇ ದಿನ ಟೀ ಕುಡಿಯುವಾಗ ಕ್ಲೀನರ್ ಹುಡುಗ ಬಾಯಿಬಿಟ್ಟ. "ಅಣ್ಣಾ, ಶಿರಾದಾಗ ಡೀಸೆಲ್ ಹಾಕಿಸಿದ ಮ್ಯಾಲ ತಾನಾ ಸರಿ ಆಗ್ತೈತಿ." ಅಷ್ಟು ದಿನ ಯಾರೂ ಅವನನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಟೀ ಅಲ್ಲೇ ಇಟ್ಟು ಎದ್ದೆ. ಟ್ಯಾಂಕಿನಿಂದ ಅರ್ಧಕ್ಕೂ ಜಾಸ್ತಿ ಡೀಸೆಲ್ ಇಳಿಸಿದೆವು. ಟ್ಯಾಂಕಿಗೂ ಅದರಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೂ ನಡುವೆ ಒಂದು ಮೊಳ ಪಾರದರ್ಶಕ ಪೈಪ್ ಜೋಡಿಸಿ ಎಂಜಿನ್ ಚಾಲೂ ಮಾಡಿದೆವು. ಮೊದಲು ಏನೂ ಇಲ್ಲ. ಆಮೇಲೆ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಹಿಂದೆ ಇನ್ನೆರಡು. ರೇಸ್ ಕೊಟ್ಟರೆ ಸೋಡಾ ಬಾಟಲಿಯ ಹಾಗೆ ಸಾಲು ಸಾಲು. ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಪೈಪ್ ಇರುತ್ತದಲ್ಲ, ಅದನ್ನು ಹೊರಗೆ ತೆಗೆದರೆ ನಡು ಮಟ್ಟಕ್ಕಿಂತ ಸ್ವಲ್ಪ ಮೇಲೆ ಕೂದಲೆಳೆಯಷ್ಟು ಬಿರುಕು. ಉಗುರಿಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಟ್ಯಾಂಕ್ ತುಂಬಿದ್ದಾಗ ಬಿರುಕು ಡೀಸೆಲ್ಲಿನಲ್ಲಿ ಮುಳುಗಿರುತ್ತದೆ. ಡೀಸೆಲ್ ಅದಕ್ಕಿಂತ ಕೆಳಗೆ ಇಳಿದರೆ ಪೈಪ್ ಗಾಳಿ ಕುಡಿಯುತ್ತದೆ. ಪಂಪ್ ಒತ್ತಿದರೆ ಡೀಸೆಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಾಜಲ್ ತೆರೆಯುವಷ್ಟು ಒತ್ತಡ ಬರುವುದಿಲ್ಲ. ಸಿಂಧನೂರಿನಲ್ಲಿ ತುಂಬಿಸಿದ ಡೀಸೆಲ್ ಆ ಮಟ್ಟಕ್ಕೆ ಇಳಿಯುತ್ತಿದ್ದದ್ದು ಹಿರಿಯೂರಿನ ಆಚೆ. ಪಾಪ, ಬೇವಿನ ಮರ ಏನೂ ಮಾಡಿರಲಿಲ್ಲ. ಪೈಪ್ ಬದಲಿಸಿದೆವು. ಹಳೇ ನಾಜಲ್ಲುಗಳನ್ನು ಮಾಲಕರು ಗುಜರಿಗೆ ಹಾಕಿ ಆಗಿತ್ತು.

ಕಥೆಯಲ್ಲೇ ಟೈಮ್ ಹೋಯಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಮಿಸ್, ಬಿಳಿ ಹೊಗೆ, ಕಾದ ಮೇಲೆ ಸರಿ: ಟ್ಯಾಪೆಟ್ ಗ್ಯಾಪ್ (ವಾಲ್ವ್ ಒತ್ತುವ ಭಾಗದ ಸಂದು), ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿಯ ಒತ್ತಡ) ನೋಡಿಸಿ. ಲೋಡ್ ಹೊತ್ತು ಏರು ಹತ್ತುವಾಗ ಮಾತ್ರ: ಮೊದಲು ಡೀಸೆಲ್ ಫಿಲ್ಟರ್. ಡ್ರಮ್ಮಿನ ಡೀಸೆಲ್ ಹಾಕಿದ ಮೇಲೆ: ನೀರು ಸೇರಿದೆ, ಫಿಲ್ಟರ್ ಕೆಳಗಿನ ಡ್ರೈನ್ ಬಿಚ್ಚಿ. ಸಂಡೂರು ಕಡೆ ಅದಿರು ಹೊಡೆದ ಗಾಡಿ ಕರಿ ಹೊಗೆ ಬಿಟ್ಟರೆ ಏರ್ ಫಿಲ್ಟರಿನ ಕೆಂಪು ಧೂಳು ನೋಡಿ. ಎಲ್ಲದಕ್ಕೂ ಮುಂಚೆ ಯಾವಾಗ ಅನ್ನುವುದು ಗೊತ್ತಿರಬೇಕು, ಅಲ್ವಾ?

ಬಿಡದೆ ಮಿಸ್ ಹೊಡೆಯುತ್ತಿದ್ದರೆ ಯಾವ ಸಿಲಿಂಡರ್ ಅಂತ ಹುಡುಕುವುದು ಸುಲಭ. ಎಂಜಿನ್ ಸ್ಲೋದಲ್ಲಿಟ್ಟು, ನಾಜಲ್ ಪೈಪಿನ ನಟ್ ಒಂದೊಂದಾಗಿ ಸ್ವಲ್ಪ ಸಡಿಲ ಮಾಡುತ್ತಾರೆ. ಯಾವುದನ್ನು ಸಡಿಲಿಸಿದರೆ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಆದರೆ ಇದು ಮೇಸ್ತ್ರಿ ಕೆಲಸ. ಅಲ್ಲಿ ಸುಮಾರು 200 ಬಾರ್ ಒತ್ತಡ, ಲಾರಿ ಟೈರಿನ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ಚಿಮ್ಮಿದ ಡೀಸೆಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ, ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಚಿಮ್ಮಿಸುವ ಹೊಸ ಕಾಮನ್ ರೈಲ್ ಗಾಡಿಯಲ್ಲಿ ಆ ನಟ್ ಮುಟ್ಟಲೇಬೇಡಿ, ಅಲ್ಲಿ ಒತ್ತಡ ಇದರ ಎಷ್ಟೋ ಪಟ್ಟು.

ನಾಳೆ ಗಾಡಿ ತರುವವರು ದಯವಿಟ್ಟು ಟ್ಯಾಂಕ್ ಫುಲ್ ಮಾಡಿಸಿಕೊಂಡು ಬರಬೇಡಿ. ಮಿಸ್ ಹೊಡೆದಾಗ ಹೇಗಿತ್ತೋ ಹಾಗೇ ತನ್ನಿ. ಕ್ಲೀನರ್ ಹುಡುಗನನ್ನೂ ಕರೆದುಕೊಂಡು ಬನ್ನಿ. ನಮಸ್ಕಾರ.