ಲೂಪ್ ಒಳಗೆ ಕ್ವೆರಿ ಬೇಡ, ಮೊದಲು ಮ್ಯಾಪ್ ಕಟ್ಟಿ

ನಮಸ್ಕಾರ. ಗ್ರಾಹಕರ ಮಾಹಿತಿ ಇಡುವ ಸಾಫ್ಟ್‌ವೇರ್ ಸೇಲ್ಸ್‌ಫೋರ್ಸ್‌ನಲ್ಲಿ, ಅದರದ್ದೇ ಭಾಷೆಯಾದ ಏಪೆಕ್ಸ್‌ನಲ್ಲಿ ಕೋಡ್ ಬರೆಯುವವರ ಹತ್ತಿರ ಇವತ್ತು ಒಂದೇ ಮಾತು. ದಯವಿಟ್ಟು ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡುವ ಕೋಡ್) ಒಳಗೆ ಕ್ವೆರಿ (ಡೇಟಾಬೇಸ್‌ನಿಂದ ಮಾಹಿತಿ ಕೇಳುವುದು) ಹಾಕಬೇಡಿ. ಗೊತ್ತಿರೋದೇ ಅಲ್ವಾ ಅನ್ನಬಹುದು. ಆದರೂ ರಿವ್ಯೂಗೆ ಬರುವ ಕೋಡ್‌ನಲ್ಲಿ ಇದು ಸಿಗುತ್ತಲೇ ಇದೆ.

ನಾನೂ ಹಾಗೇ ಬರೆದಿದ್ದೆ. ಕಾಂಟ್ಯಾಕ್ಟ್ (ಒಬ್ಬ ವ್ಯಕ್ತಿಯ ರೆಕಾರ್ಡ್) ಮೇಲೆ ಒಂದು ಟ್ರಿಗರ್, ಅಂದರೆ ರೆಕಾರ್ಡ್ ಸೇವ್ ಆದಾಗ ತಾನಾಗಿ ಓಡುವ ಕೋಡ್. ಪ್ರತಿ ಕಾಂಟ್ಯಾಕ್ಟ್‌ಗೂ ಅದರ ಅಕೌಂಟ್‌ನಲ್ಲಿರುವ (ಆ ವ್ಯಕ್ತಿಯ ಕಂಪನಿಯ ರೆಕಾರ್ಡ್) ಊರಿನ ಹೆಸರು ತುಂಬಬೇಕು. ಲೂಪ್ ಒಳಗೇ ಅಕೌಂಟ್ ಕ್ವೆರಿ ಮಾಡಿದೆ. ಸ್ಕ್ರೀನ್‌ನಲ್ಲಿ ಒಂದು ರೆಕಾರ್ಡ್ ಸೇವ್ ಮಾಡಿ ನೋಡಿದೆ, ಸರಿಯಾಗಿತ್ತು. ಆಮೇಲೆ ಒಟ್ಟಿಗೆ ತುಂಬ ರೆಕಾರ್ಡ್ ಸೇರಿಸುವ ಡೇಟಾ ಲೋಡರ್‌ನಲ್ಲಿ ಫೈಲ್ ಹಾಕಿದರು. ಟ್ರಿಗರ್‌ಗೆ ಒಂದೇ ಸಲ 200 ಕಾಂಟ್ಯಾಕ್ಟ್ ಬಂತು. 'ಟೂ ಮೆನಿ ಎಸ್‌ಒಕ್ಯೂಎಲ್ ಕ್ವೆರೀಸ್: 101' ಅಂತ ಎರರ್ (ಎಸ್‌ಒಕ್ಯೂಎಲ್ ಅಂದರೆ ಸೇಲ್ಸ್‌ಫೋರ್ಸ್‌ನ ಕ್ವೆರಿ ಭಾಷೆ). ಅಲ್ಲಿ ಒಂದು ಟ್ರಾನ್ಸಾಕ್ಷನ್‌ಗೆ (ಒಂದೇ ಗುಂಪಾಗಿ ಓಡುವ ಕೆಲಸ) ಸಿಗುವುದು 100 ಕ್ವೆರಿ. ಈ ಎರರ್ ಅನ್ನು, ಎರರ್ ಹಿಡಿಯಲೆಂದೇ ಇರುವ ಟ್ರೈ-ಕ್ಯಾಚ್ ಕೂಡ ಹಿಡಿಯುವುದಿಲ್ಲ. ಎಲ್ಲ ರೋಲ್‌ಬ್ಯಾಕ್ ಆಗುತ್ತದೆ, ಮಾಡಿದ ಬದಲಾವಣೆ ಒಂದೂ ಉಳಿಯುವುದಿಲ್ಲ.

ಸರಿಪಡಿಸಿದ್ದು ಹೀಗೆ. ಮೊದಲ ಲೂಪ್‌ನಲ್ಲಿ ಅಕೌಂಟ್ ಐಡಿಗಳನ್ನು ಒಂದು ಸೆಟ್‌ಗೆ (ಒಂದೇ ಬೆಲೆ ಎರಡು ಸಲ ಇರದ ಪಟ್ಟಿ) ಹಾಕಿದೆ. ಅಷ್ಟಕ್ಕೂ ಸೇರಿ ಒಂದೇ ಕ್ವೆರಿ. ಬಂದ ಲಿಸ್ಟನ್ನು ನೇರವಾಗಿ ಹೊಸ ಮ್ಯಾಪ್‌ಗೆ ಕೊಟ್ಟೆ. ಮ್ಯಾಪ್ ಅಂದರೆ ಕೀ ಕೊಟ್ಟರೆ ಅದಕ್ಕೆ ಜೋಡಿಯಾದದ್ದನ್ನು ಕೊಡುವ ಪಟ್ಟಿ. ರೆಕಾರ್ಡ್‌ನ ಐಡಿಯೇ ಕೀ ಆಗುತ್ತದೆ, ನಾವು ಒಂದೊಂದಾಗಿ 'ಪುಟ್' ಮಾಡುವ ಕೆಲಸವೇ ಇಲ್ಲ. ಏಪೆಕ್ಸ್‌ನಲ್ಲಿ ನನಗೆ ತುಂಬ ಇಷ್ಟವಾದ ಸಾಲು ಇದು! ಎರಡನೇ ಲೂಪ್‌ನಲ್ಲಿ ಬರೀ 'ಗೆಟ್'.

ಆದರೆ ಕೀ ಇಲ್ಲದಿದ್ದರೆ 'ಗೆಟ್' ಸುಮ್ನೆ ನಲ್ (ಏನೂ ಇಲ್ಲ ಅನ್ನುವ ಬೆಲೆ) ಕೊಡುತ್ತದೆ. ಅಕೌಂಟ್ ಇಲ್ಲದ ಕಾಂಟ್ಯಾಕ್ಟ್ ಒಂದಾದರೂ ಇದ್ದೇ ಇರುತ್ತದೆ. 'ಗೆಟ್' ಕೊಟ್ಟ ಅಕೌಂಟ್‌ನ ಫೀಲ್ಡ್ ಮುಟ್ಟುವ ಮುಂಚೆ ಅದು ನಲ್ ಅಲ್ಲ ಅಂತ ನೋಡಿಕೊಳ್ಳಿ. ಇಮೇಲ್ ಅನ್ನು ಕೀ ಮಾಡಿದರೆ ಇನ್ನೊಂದು ತೊಂದರೆ. ಏಪೆಕ್ಸ್‌ಗೆ ವೇರಿಯಬಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಮ್ಯಾಪ್‌ನ ಸ್ಟ್ರಿಂಗ್ ಕೀಗೆ ಹಾಗಲ್ಲ. ಹಾಕುವಾಗಲೂ ತೆಗೆಯುವಾಗಲೂ ಚಿಕ್ಕಕ್ಷರ ಮಾಡಿ.

ಇನ್ನು ನನಗೆ ಜಾಸ್ತಿ ಬೇಸರ ತರುವುದು ಬೇರೆ. ಚೆನ್ನಾಗಿ ಮ್ಯಾಪ್ ಕಟ್ಟುತ್ತಾರೆ. ಆಮೇಲೆ ಕೀಸೆಟ್ (ಮ್ಯಾಪ್‌ನ ಎಲ್ಲ ಕೀಗಳು) ಮೇಲೆ ಲೂಪ್ ಓಡಿಸಿ, ಒಳಗೆ 'ಇಫ್' ಹಾಕಿ ಬೇಕಾದ ಕೀ ಹುಡುಕುತ್ತಾರೆ. 200 ಕಾಂಟ್ಯಾಕ್ಟ್, 1,000 ಕೀ ಅಂದರೆ 2 ಲಕ್ಷ ಹೋಲಿಕೆ. ಕೀ ಕೈಯಲ್ಲಿದ್ದ ಮೇಲೆ ನೇರ ಕೇಳಿ. ಮ್ಯಾಪ್ ಪೂರ್ತಿ ಸುತ್ತಬೇಕಾದದ್ದು ಪ್ರತಿಯೊಂದರ ಮೇಲೂ ಕೆಲಸವಿದ್ದಾಗ ಮಾತ್ರ, ಅಕೌಂಟ್‌ವಾರು ಮೊತ್ತ ಅಪ್‌ಡೇಟ್ ಮಾಡುವ ಹಾಗೆ. ಸುತ್ತುವಾಗಲೇ ಅದೇ ಮ್ಯಾಪ್‌ನಿಂದ ಏನನ್ನೂ ತೆಗೆಯಬೇಡಿ, ಎರರ್ ಬರುತ್ತದೆ. ತೆಗೆಯಬೇಕಾದ ಕೀಗಳನ್ನು ಪಕ್ಕಕ್ಕೆ ಬರೆದಿಟ್ಟುಕೊಂಡು ಆಮೇಲೆ ತೆಗೆಯಿರಿ.

ನನ್ನ ಆ ಟ್ರಿಗರ್ ಈಗಲೂ ಓಡುತ್ತಿದೆ. ಅದರ ಟೆಸ್ಟ್ ಕ್ಲಾಸ್ 200 ಕಾಂಟ್ಯಾಕ್ಟ್ ಒಟ್ಟಿಗೆ ಸೇರಿಸುತ್ತದೆ. ಅದರಲ್ಲಿ ಮೂರಕ್ಕೆ ಅಕೌಂಟ್ ಇಲ್ಲ.